ನೀರು ಬಂದ ಅಲರ್ಟ್ ಬೆಳಗ್ಗೆ ಎದ್ದ ಮೇಲೆ ಬರುತ್ತಿದೆ, ಯಾಕೆ?

ಬನಶಂಕರಿ ಸೊಸೆ

ಬನಶಂಕರಿ ಮೂರನೇ ಹಂತದಲ್ಲಿ ನಮ್ಮದು ಬಾಡಿಗೆ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ರಾತ್ರಿ ಎರಡರಿಂದ ನಾಲ್ಕರೊಳಗೆ ಯಾವಾಗಲೋ. ಸಂಪ್ ಚಿಕ್ಕದು, ಮೂರು ಮನೆಗೆ ಅದೊಂದೇ. ನೀರು ಬರುತ್ತಿರುವಾಗಲೇ ಎದ್ದು ಮೋಟರ್ ಹಾಕಿ ಮೇಲಿನ ಟ್ಯಾಂಕ್‌ಗೆ ಏರಿಸಿದರೆ ಸಂಪ್ ಇನ್ನೊಮ್ಮೆ ತುಂಬಿಕೊಳ್ಳುತ್ತದೆ. ಮಲಗಿಬಿಟ್ಟರೆ ಒಂದು ಸಂಪ್ ನೀರಿನಲ್ಲೇ ಎರಡು ದಿನ ತಳ್ಳಬೇಕು. ಆಮೇಲೆ ಟ್ಯಾಂಕರ್‌ನವರಿಗೆ ಫೋನ್.

ಅದಕ್ಕೇ ಮೂರು ಮನೆಯವರೂ ದುಡ್ಡು ಹಾಕಿ ಸಂಪ್‌ಗೆ ವೈಫೈ ಸೆನ್ಸರ್ ಕೂರಿಸಿದ್ದೇವೆ. ನೀರು ಏರಲು ಶುರುವಾದರೆ ಎಲ್ಲರ ಫೋನಿಗೂ ಅಲರ್ಟ್ ಬರಬೇಕು. ಹಗಲಲ್ಲಿ ಆಪ್‌ನ ಟೆಸ್ಟ್ ಬಟನ್ ಒತ್ತಿದರೆ ಟಣ್ ಅಂತ ಬರುತ್ತದೆ. ರಾತ್ರಿ ನಿಜವಾಗಿ ನೀರು ಬಂದಾಗ ಸದ್ದೇ ಇಲ್ಲ. ಬೆಳಗ್ಗೆ ಫೋನ್ ಕೈಗೆ ತಗೊಂಡ ತಕ್ಷಣ ಆ ಅಲರ್ಟ್ ಬಂದು ಕೂರುತ್ತದೆ! ಮೇಲಿನ ಮನೆಯವರಿಗೆ ಮಾತ್ರ ಸರಿಯಾದ ಹೊತ್ತಿಗೆ ಬರುತ್ತಿದೆ. ಅದೇ ಆಪ್, ಫೋನ್ ಕೂಡ ನನ್ನದೇ ಮಾಡೆಲ್. ಅವರು ಊರಿಗೆ ಹೋದರೆ ನಮ್ಮ ಕಥೆ ಮುಗಿಯಿತು. ನಮ್ಮ ಯಜಮಾನರಿಗೆ ನೈಟ್ ಶಿಫ್ಟ್, ಅತ್ತೆಗೆ ಫೋನ್ ಸದ್ದು ಕೇಳಿಸುವುದು ಕಷ್ಟ. ನನ್ನದು ಆಂಡ್ರಾಯ್ಡ್ 14. ಎಲ್ಲಿ ಕೆಟ್ಟಿದೆ ಅಂತ ಹೇಗೆ ಹುಡುಕುವುದು?

ಜಯನಗರ ನಾಲ್ಕನೇ ಬ್ಲಾಕ್

ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಬ್ಯಾಟರಿ ಸೆಟ್ಟಿಂಗ್. ಆಪ್ ಮೇಲೆ ಒತ್ತಿ ಹಿಡಿಯಿರಿ, ಆಪ್ ಇನ್ಫೋ, ಬ್ಯಾಟರಿ, ಅಲ್ಲಿ ಅನ್‌ರಿಸ್ಟ್ರಿಕ್ಟೆಡ್ ಅಂತ ಮಾಡಿ. ಆಟೋಸ್ಟಾರ್ಟ್, ಅಂದರೆ ಆಪ್ ತಾನಾಗಿ ಶುರುವಾಗಲು ಬಿಡುವ ಸ್ವಿಚ್, ಇದ್ದರೆ ಆನ್ ಮಾಡಿ.

ಬೆಣ್ಣೆ ಖಾಲಿ

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ನಂದು ಹಾಗೇ ಸರಿಹೋಯಿತು.

ಮಲ್ಲೇಶ್ವರದ ನಿವೃತ್ತ

ನೋಡಮ್ಮ, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪ್ ಮಾಡಿದ ನೀರು ನಿಮ್ಮ ಗೇಟಿನವರೆಗೆ ಬರುತ್ತದೆ. ಗೇಟಿನಿಂದ ಹಾಸಿಗೆಗೆ ಸುದ್ದಿ ಬರುವುದಿಲ್ಲ ಅಂದರೆ ಏನು ಹೇಳುವುದು! ಎಸ್‌ಪಿ ರಸ್ತೆಗೆ ಹೋಗಿ. ಫ್ಲೋಟ್ ಜೊತೆ ಬರುವ ಗಂಟೆ ಕೇಳಿ, ಕೊಡುತ್ತಾರೆ. ನೀರು ಏರಿದರೆ ಬಡಿದುಕೊಳ್ಳುತ್ತದೆ. ಇಂಟರ್‌ನೆಟ್ಟೂ ಬೇಡ, ಆಪೂ ಬೇಡ. ಇನ್ನೂ ಒಳ್ಳೆಯದು ಅಂದರೆ ಆಟೋಮ್ಯಾಟಿಕ್ ಕಂಟ್ರೋಲರ್. ಮೋಟರ್ ತಾನೇ ಆನ್, ತಾನೇ ಆಫ್.

ಬನಶಂಕರಿ ಸೊಸೆ

ಅಂಕಲ್, ಆಟೋಮ್ಯಾಟಿಕ್ ಹಾಕಿಸಲು ಓನರ್ ಒಪ್ಪುತ್ತಿಲ್ಲ. ಹಳೇ ಮೋಟರ್, ಯಾರೂ ನೋಡದೆ ಓಡಿದರೆ ಸುಟ್ಟುಹೋಗುತ್ತದೆ ಅಂತಾರೆ. ಗಂಟೆ ಗೇಟಿನ ಹತ್ತಿರ ಬಡಿದುಕೊಂಡರೆ ಎದುರು ಮನೆಯವರು ಏಳುತ್ತಾರೆ, ನಾವು ಏಳುವುದಿಲ್ಲ. ನಮ್ಮದು ಹಿಂದಿನ ರೂಮು.

ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡಿದ್ದೇನೆ. ನಾಳೆ ರಾತ್ರಿ ನೀರಿನ ದಿನ. ನೋಡುತ್ತೇನೆ.

ಆರ್‌ಟಿ ನಗರ ಡೆವಲಪರ್

ಸ್ವಲ್ಪ ತಡೆಯಿರಿ ಮೇಡಂ. ದಯವಿಟ್ಟು ಅನ್‌ಇನ್‌ಸ್ಟಾಲ್ ಈಗಲೇ ಮಾಡಬೇಡಿ. ಎಲ್ಲ ಸೆಟ್ಟಿಂಗೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮುಂದಿನ ಅಪ್‌ಡೇಟ್ ಬಂದಾಗ ಮತ್ತೆ ಮೊದಲಿನಿಂದ ಶುರು. ಮೊದಲು ಅಲರ್ಟ್ ಎಲ್ಲಿ ನಿಂತಿತು ಅಂತ ಹಿಡಿಯಬೇಕು.

ನಿಲ್ಲಬಹುದಾದ ಜಾಗ ನಾಲ್ಕೇ. ಸೆನ್ಸರ್ ಸುದ್ದಿ ಕಳಿಸಲೇ ಇಲ್ಲ. ಸೆನ್ಸರ್ ಕಳಿಸಿತು, ಕಂಪನಿಯ ಸರ್ವರ್ ಮುಂದೆ ದಾಟಿಸಲಿಲ್ಲ. ಸರ್ವರ್ ದಾಟಿಸಿತು, ಫೋನಿಗೆ ತಲುಪಲಿಲ್ಲ. ಫೋನಿಗೆ ತಲುಪಿತು, ಫೋನ್ ಸದ್ದು ಮಾಡಲಿಲ್ಲ.

ಎರಡು ವಿಷಯ ನೋಡಿ ಹೇಳಿ ಸಾಕು. ಒಂದು, ಆಪ್ ಒಳಗೆ ಹಿಸ್ಟರಿ ಅಂತ ಇರುತ್ತದೆ. ನೀರು ಬಂದ ಸಮಯ ಅಲ್ಲಿ ಎಷ್ಟು ಅಂತ ಬರೆದಿದೆ? ಎರಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಒಳಗೆ ನೋಟಿಫಿಕೇಶನ್ ಹಿಸ್ಟರಿ ಇದೆ. ಫೋನ್ ಕನ್ನಡದಲ್ಲಿದ್ದರೆ ಅಧಿಸೂಚನೆಗಳು ಅಂತ ಇರುವಲ್ಲಿ ಹುಡುಕಿ. ಆಂಡ್ರಾಯ್ಡ್ 11ರಿಂದ ಈಚೆಗೆ ಬಂದ ಸೌಲಭ್ಯ. ಮೊದಲು ಆನ್ ಮಾಡಬೇಕು, ಆಮೇಲೆ ಒಂದು ದಿನದ ಲೆಕ್ಕ ಅಲ್ಲಿ ಸಿಗುತ್ತದೆ. ಅಲರ್ಟ್ ಫೋನಿಗೆ ಬಂದ ಸಮಯ ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ. ಮೇಲಿನ ಮನೆಯವರು ರಾತ್ರಿ ಫೋನ್ ಚಾರ್ಜ್‌ಗೆ ಹಾಕಿ ಮಲಗುತ್ತಾರಾ?

ವೈಫೈ ವೈದ್ಯ

ನನಗೆ ರೌಟರ್ ಮೇಲೇ ಅನುಮಾನ. ಗೂಗಲ್ ಸರ್ವರ್ ಜೊತೆ ಫೋನ್ ಒಂದು ಕನೆಕ್ಷನ್ ಹಿಡಿದುಕೊಂಡಿರುತ್ತದೆ, ಪೋರ್ಟ್ 5228. ಎಲ್ಲ ಆಪ್‌ಗಳ ಅಲರ್ಟೂ ಆ ಒಂದೇ ದಾರಿಯಲ್ಲಿ ಬರುತ್ತದೆ. ತುಂಬ ಹೊತ್ತು ಏನೂ ಓಡಾಡದಿದ್ದರೆ ಕೆಲವು ರೌಟರ್ ಆ ಕನೆಕ್ಷನ್ನನ್ನು ಸುಮ್ನೆ ಕತ್ತರಿಸಿಬಿಡುತ್ತವೆ. ಫೋನಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೂ ಕನೆಕ್ಟ್ ಆಗಿದ್ದೇನೆ ಅಂದುಕೊಂಡು ಮಲಗಿರುತ್ತದೆ. ಒಂದು ರಾತ್ರಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಇಟ್ಟು ನೋಡಿ.

ಫೋನಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಡಿಎನ್ಎಸ್ ಅಂತ ಇರುತ್ತದೆ, ಅಲ್ಲಿ ಜಾಹೀರಾತು ತಡೆಯುವುದೇನಾದರೂ ಹಾಕಿದ್ದೀರಾ? ಅದೂ ಕೆಲವು ಸಲ ಅಲರ್ಟ್‌ಗೆ ಅಡ್ಡ ಬರುತ್ತದೆ.

ಬನಶಂಕರಿ ಸೊಸೆ

ನಿನ್ನೆ ರಾತ್ರಿ ನೀರು ಬಂತು. ಅಲರ್ಟ್ ಬರಲಿಲ್ಲ. ಮೇಲಿನ ಮನೆಯವರು ಮೋಟರ್ ಹಾಕಿದರು. ನೀವೆಲ್ಲ ಕೇಳಿದ್ದಕ್ಕೆ ಉತ್ತರ ಇಲ್ಲಿದೆ.

ಆಪ್ ಹಿಸ್ಟರಿಯಲ್ಲಿ ನೀರು ಏರಿದ್ದು 2:40 ಅಂತ ಇದೆ. ಫೋನಿನ ಹಿಸ್ಟರಿಯಲ್ಲಿ ಅಲರ್ಟ್ ಬಂದಿದ್ದು 5:52ಕ್ಕೆ. ನಾನು ಎದ್ದು ಫೋನ್ ಮುಟ್ಟಿದ್ದು ಆಗಲೇ. ರಾತ್ರಿ ವೈಫೈ ಆಫ್ ಮಾಡಿ ಬರೀ ಡೇಟಾದಲ್ಲಿ ಇಟ್ಟಿದ್ದೆ. ಪ್ರೈವೇಟ್ ಡಿಎನ್ಎಸ್ ಏನೂ ಹಾಕಿಲ್ಲ. ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಇತ್ತು. ಮೂರು ಗಂಟೆಗೆ ಯಜಮಾನರು ಕಳಿಸಿದ ವಾಟ್ಸಾಪ್ ಮೆಸೇಜ್ ಅದೇ ಹೊತ್ತಿಗೆ ಬಂದಿದೆ, ಹಿಸ್ಟರಿಯಲ್ಲಿ ಕಾಣುತ್ತಿದೆ.

ಮೇಲಿನ ಮನೆಯವರು ಹೌದು, ಚಾರ್ಜ್‌ಗೆ ಹಾಕಿಯೇ ಮಲಗುತ್ತಾರಂತೆ. ನಮ್ಮ ಮನೆಯಲ್ಲಿ ರಾತ್ರಿ ಚಾರ್ಜ್ ಹಾಕಿದರೆ ಅತ್ತೆ ಬಂದು ಸ್ವಿಚ್ ಆಫ್ ಮಾಡುತ್ತಾರೆ. ಬೆಂಕಿ ಹತ್ತುತ್ತದೆ ಅನ್ನುವ ಭಯ. ಇದಕ್ಕೂ ಅದಕ್ಕೂ ಏನು ಸಂಬಂಧ?

ಆರ್‌ಟಿ ನಗರ ಡೆವಲಪರ್

ತುಂಬ ಸಂಬಂಧ ಇದೆ. ನಿಮ್ಮ ಉತ್ತರದಲ್ಲಿ ಮುಕ್ಕಾಲು ಕೆಲಸ ಮುಗಿಯಿತು.

ಹಿಸ್ಟರಿಯಲ್ಲಿ 2:40 ಇದೆ. ಅಂದರೆ ಸೆನ್ಸರ್ ಕೆಲಸ ಮಾಡಿದೆ, ಸರ್ವರ್‌ಗೂ ಗೊತ್ತಾಗಿದೆ. ವಾಟ್ಸಾಪ್ ಮೂರು ಗಂಟೆಗೆ ಬಂದಿದೆ. ಅಂದರೆ ಫೋನಿನ ಕನೆಕ್ಷನ್ ಜೀವಂತವಾಗಿತ್ತು, ಮೊಬೈಲ್ ಡೇಟಾದಲ್ಲೂ ಅಲರ್ಟ್ ತಡವಾಯಿತು. ರೌಟರ್ ಮೇಲಿನ ಅನುಮಾನ ಬಿಡಬಹುದು. ಈ ಒಂದು ಅಲರ್ಟ್ ಮಾತ್ರ ದಾರಿಯಲ್ಲಿ ಕಾದು ಕೂತಿದೆ.

ಆಂಡ್ರಾಯ್ಡ್‌ನಲ್ಲಿ ಡೋಜ್ ಅಂತ ಒಂದು ವ್ಯವಸ್ಥೆ ಇದೆ, 2015ರ ಆಂಡ್ರಾಯ್ಡ್ 6ರಿಂದಲೂ ಇದೆ. ಫೋನ್ ಚಾರ್ಜ್‌ನಲ್ಲಿ ಇಲ್ಲ, ಸ್ಕ್ರೀನ್ ಆಫ್ ಆಗಿದೆ, ಅಲುಗಾಡದೆ ಒಂದು ಕಡೆ ಬಿದ್ದಿದೆ ಅಂದರೆ ಅದು ನಿದ್ದೆಗೆ ಜಾರುತ್ತದೆ. ಆಗ ಅಲರ್ಟ್‌ಗಳಲ್ಲಿ ಎರಡು ಜಾತಿ. ಹೈ ಪ್ರಯಾರಿಟಿ ಅಂತ ಗುರುತು ಹಾಕಿ ಕಳಿಸಿದ್ದು ಫೋನನ್ನು ಎಬ್ಬಿಸುತ್ತದೆ. ನಾರ್ಮಲ್ ಅಂತ ಕಳಿಸಿದ್ದು ಫೋನ್ ತಾನಾಗಿ ಕಣ್ಣುಬಿಡುವವರೆಗೆ ಕಾಯುತ್ತದೆ. ರಾತ್ರಿ ಹೊತ್ತು ಮಧ್ಯೆ ಮಧ್ಯೆ ಅದು ಒಂದು ಕ್ಷಣ ಎದ್ದು ಬಾಕಿ ಕೆಲಸ ಮುಗಿಸಿಕೊಳ್ಳುತ್ತದೆ, ಆದರೆ ಹೊತ್ತು ಹೋದಂತೆ ಆ ಅಂತರ ಉದ್ದವಾಗುತ್ತಾ ಹೋಗುತ್ತದೆ. ಅಂಚೆಯಲ್ಲಿ ಕಾಗದ ಬೆಳಗ್ಗೆ ಬರುತ್ತಿತ್ತು, ತಂತಿ ಬಂದರೆ ನಡುರಾತ್ರಿ ಬಾಗಿಲು ತಟ್ಟುತ್ತಿದ್ದರು, ಹಾಗೆ.

ಚಾರ್ಜ್‌ನಲ್ಲಿರುವ ಫೋನ್ ಡೋಜ್‌ಗೆ ಹೋಗುವುದೇ ಇಲ್ಲ. ಮೇಲಿನ ಮನೆಯವರಿಗೆ ಬರುತ್ತಿರುವುದು ಅದಕ್ಕೇ.

ಮಲ್ಲೇಶ್ವರದ ನಿವೃತ್ತ

ತಂತಿ 2013ರ ಜುಲೈನಲ್ಲೇ ನಿಂತುಹೋಯಿತು ತಮ್ಮ. ಗಂಟೆ ಇನ್ನೂ ಸಿಗುತ್ತದೆ.

ಬನಶಂಕರಿ ಸೊಸೆ

ಅಂಕಲ್ 😀

ಸರಿ, ಹಾಗಾದರೆ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಬರುತ್ತದಲ್ಲ, ಅದು ಹೇಗೆ?

ಆರ್‌ಟಿ ನಗರ ಡೆವಲಪರ್

ಹಗಲಲ್ಲಿ, ಫೋನ್ ಕೈಯಲ್ಲಿ ಹಿಡಿದುಕೊಂಡು, ಸ್ಕ್ರೀನ್ ಆನ್ ಇಟ್ಟುಕೊಂಡು ಟೆಸ್ಟ್ ಮಾಡಿದರೆ ಬಂದೇ ಬರುತ್ತದೆ. ಎಚ್ಚರ ಇರುವವರನ್ನು ಎಬ್ಬಿಸಿದ ಹಾಗಾಯಿತು ಅದು. ಯಜಮಾನರ ಫೋನಿನಲ್ಲೂ ಇದೇ ಆಪ್, ಇದೇ ಅಕೌಂಟ್ ಇದೆಯಾ? ಇದ್ದರೆ ಇವತ್ತು ರಾತ್ರಿ ನೀವು ಮಲಗಿ ಫೋನ್ ಸುಮಾರು ಹೊತ್ತು ಅಲುಗಾಡದೆ ಬಿದ್ದಿದ್ದ ಮೇಲೆ, ಅವರು ಆಫೀಸಿನಿಂದ ಟೆಸ್ಟ್ ಬಟನ್ ಒತ್ತಲಿ. ಚಾರ್ಜ್ ಹಾಕಬೇಡಿ.

ಇನ್ನೊಂದು ಕೆಲಸ. ಆಪ್ ಇನ್ಫೋಗೆ ಹೋಗಿ ನೋಟಿಫಿಕೇಶನ್ಸ್ ಒತ್ತಿ. ಕೆಳಗೆ ಬೇರೆ ಬೇರೆ ಸಾಲು ಕಾಣುತ್ತದೆ, ಪ್ರತಿಯೊಂದಕ್ಕೂ ಬೇರೆ ಸ್ವಿಚ್. ಆಂಡ್ರಾಯ್ಡ್ 8ರಿಂದ ಹೀಗೆ, ಅವನ್ನು ಚಾನೆಲ್ ಅಂತಾರೆ. ಒಂದೇ ಆಪ್‌ನ ಒಂದು ಚಾನೆಲ್ ಕಿರುಚಬಹುದು, ಇನ್ನೊಂದು ಬಾಯಿ ಮುಚ್ಚಿಕೊಂಡಿರಬಹುದು. ಅಲ್ಲಿ ಏನೇನು ಹೆಸರಿದೆ, ಯಾವುದು ಸೈಲೆಂಟ್, ಯಾವುದಕ್ಕೆ ಸೌಂಡ್ ಇದೆ, ಬರೆಯಿರಿ.

ಸೇಬು ಸಾರ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಐಫೋನ್. ಇದೇ ತೊಂದರೆ, ಆದರೆ ಬೇರೆ ತರಹ. ರಾತ್ರಿ ಹನ್ನೊಂದರ ಮೇಲೆ ಯಾವ ಅಲರ್ಟೂ ಸದ್ದು ಮಾಡುವುದಿಲ್ಲ. ಬ್ಯಾಕ್‌ಗ್ರೌಂಡ್ ಆಪ್ ರಿಫ್ರೆಶ್ ಆನ್ ಮಾಡಿದೆ, ಉಪಯೋಗ ಆಗಲಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಸಾರ್, ಹನ್ನೊಂದು ಗಂಟೆಗೆ ಸರಿಯಾಗಿ ನಿಲ್ಲುತ್ತಿದೆ ಅಂದರೆ ಸ್ಲೀಪ್ ಫೋಕಸ್ ಇರಬೇಕು. ಲಾಕ್ ಸ್ಕ್ರೀನ್ ಮೇಲೆ ಹಾಸಿಗೆಯ ಚಿಹ್ನೆ ಕಾಣುತ್ತದಾ ನೋಡಿ. ಫೋಕಸ್ ಒಳಗೆ ಸ್ಲೀಪ್‌ಗೆ ಹೋಗಿ ಈ ಆಪನ್ನು ಅಲೋಡ್ ಪಟ್ಟಿಗೆ ಸೇರಿಸಿ. ಟೈಮ್ ಸೆನ್ಸಿಟಿವ್ ಅನ್ನುವ ಸ್ವಿಚ್ ಇದ್ದರೆ ಅದನ್ನೂ ಆನ್ ಮಾಡಿ. 2021ರ ಐಒಎಸ್ 15ರಲ್ಲಿ ಬಂದಿದ್ದು ಇವೆಲ್ಲ. ಅದರ ಜೊತೆಗೇ ಷೆಡ್ಯೂಲ್ಡ್ ಸಮರಿ ಅಂತಲೂ ಬಂತು. ಅದರಲ್ಲಿ ಆಪ್ ಸೇರಿಕೊಂಡಿದ್ದರೆ ಅಲರ್ಟ್‌ಗಳನ್ನೆಲ್ಲ ಒಟ್ಟುಮಾಡಿ ಹೇಳಿದ ಹೊತ್ತಿಗೆ ಮಾತ್ರ ತೋರಿಸುತ್ತದೆ.

ಬ್ಯಾಕ್‌ಗ್ರೌಂಡ್ ರಿಫ್ರೆಶ್‌ಗೂ ಕಣ್ಣಿಗೆ ಕಾಣುವ ಅಲರ್ಟ್‌ಗೂ ಸಂಬಂಧ ಇಲ್ಲ. ಸೈಲೆಂಟ್ ಇದ್ದರೂ ಕಿರುಚುವ ಕ್ರಿಟಿಕಲ್ ಅಲರ್ಟ್ ಬೇಕು ಅಂದರೆ ಆಪ್ ಮಾಡಿದವರು ಆಪಲ್‌ನಿಂದ ಪ್ರತ್ಯೇಕ ಅನುಮತಿ ತಗೊಂಡಿರಬೇಕು. ನಿಮ್ಮ ಕೈಯಲ್ಲಿ ಇಲ್ಲ ಅದು.

ಸೇಬು ಸಾರ್

ಹಾಸಿಗೆ ಚಿಹ್ನೆ ಇತ್ತು. ಪಟ್ಟಿಗೆ ಸೇರಿಸಿದೆ, ಈಗ ಸದ್ದು ಬರುತ್ತಿದೆ. ಥ್ಯಾಂಕ್ಸ್ ಗುರುಗಳೇ.

ಬೆಣ್ಣೆ ಖಾಲಿ

ಒಂದು ಅನುಮಾನ. 2023ರ ಅಕ್ಟೋಬರ್ 12ರಂದು ನೆನಪಿದೆಯಾ? ಬೆಂಗಳೂರಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಸೈರನ್ ಹೊಡೆದಿತ್ತು. ಮೀಟಿಂಗ್‌ನಲ್ಲಿ ಎಲ್ಲರೂ ಬೆಚ್ಚಿಬಿದ್ದಿದ್ದೆವು. ಆಪ್ ಇಲ್ಲ, ಏನಿಲ್ಲ. ಸರ್ಕಾರದ ಟೆಸ್ಟ್ ಮೆಸೇಜ್ ಅಷ್ಟು ಚೆನ್ನಾಗಿ ಬರುತ್ತದೆ, ದುಡ್ಡು ಕೊಟ್ಟು ತಂದ ಸೆನ್ಸರ್ ಅಲರ್ಟ್ ಯಾಕೆ ಬರುವುದಿಲ್ಲ?

ವೈಫೈ ವೈದ್ಯ

ಅದು ಸೆಲ್ ಬ್ರಾಡ್‌ಕಾಸ್ಟ್. ಮೊಬೈಲ್ ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನಿಗೂ ಒಟ್ಟಿಗೆ ಸಾರುತ್ತದೆ. ಇಂಟರ್‌ನೆಟ್ ಬೇಡ, ನಿಮ್ಮ ನಂಬರ್ ಕೂಡ ಬೇಡ. ಫೋನಿನೊಳಗೆ ಅದಕ್ಕೇ ಅಂತ ಬೇರೆ ದಾರಿ ಇದೆ, ಡೋಜ್ ಅದನ್ನು ತಡೆಯುವುದಿಲ್ಲ. ವಿಪತ್ತು ನಿರ್ವಹಣೆಗೆ ಇಟ್ಟುಕೊಂಡಿರುವುದು. ಬನಶಂಕರಿಯ ಒಂದು ಸಂಪ್‌ಗೆ ಕೊಡುವುದಿಲ್ಲ ಬಿಡಿ!

ಮದ್ದೂರು ವಡೆ

ನಮ್ಮಪ್ಪನ ತೋಟದಲ್ಲಿ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಇದೆ. ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್. ತ್ರೀ ಫೇಸ್ ಕರೆಂಟ್ ಬಂದರೆ ಅದೇ ಅಪ್ಪನಿಗೆ ಫೋನ್ ಮಾಡುತ್ತದೆ. ಅಪ್ಪನದು ಬಟನ್ ಫೋನ್. ರಾತ್ರಿ ಎಷ್ಟು ಹೊತ್ತಿಗೆ ಕರೆಂಟ್ ಕೊಟ್ಟರೂ ರಿಂಗ್ ಆಗುತ್ತದೆ, ಅಪ್ಪ ಏಳುತ್ತಾರೆ, ಅಲ್ಲಿಂದಲೇ ಮೋಟರ್ ಆನ್. ಕಾಲ್‌ಗೆ ಯಾವ ಡೋಜೂ ಅಡ್ಡ ಬರುವುದಿಲ್ಲ. ಅಂಥದ್ದೇ ಸಿಮ್ ಇರುವ ಲೆವೆಲ್ ಅಲಾರಂ ಹಾಕಿಸಿ ಅಕ್ಕ. ಒಂದು ಮಾತು, ಆ ಡಬ್ಬಿಗಳು ಹೆಚ್ಚಾಗಿ 2ಜಿಯಲ್ಲಿ ನಡೆಯುತ್ತವೆ. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ತಗೊಳ್ಳುವ ಮೊದಲು ಕೇಳಿಕೊಳ್ಳಿ.

ಬನಶಂಕರಿ ಸೊಸೆ

ಇದು ಚೆನ್ನಾಗಿದೆ. ಓನರ್‌ಗೂ ಇಷ್ಟ ಆಗಬಹುದು, ಅವರದೂ ಬಟನ್ ಫೋನ್.

ರಾತ್ರಿಯ ಸುದ್ದಿ: ಯಜಮಾನರು ಎರಡೂವರೆಗೆ ಆಫೀಸಿನಿಂದ ಟೆಸ್ಟ್ ಒತ್ತಿದರು. ಫೋನ್ ಟೇಬಲ್ ಮೇಲೆ ಹಾಗೇ ಬಿದ್ದಿತ್ತು, ಚಾರ್ಜ್ ಇಲ್ಲ. ತಕ್ಷಣ ಬಡಿದುಕೊಂಡಿತು! ಹೆದರಿ ಎದ್ದು ಕೂತೆ. ಅಂದರೆ ಟೆಸ್ಟ್ ರಾತ್ರಿಯೂ ಬರುತ್ತದೆ. ನಿಜವಾದ ಅಲರ್ಟ್ ಬರುವುದಿಲ್ಲ.

ಚಾನೆಲ್ ನೋಡಿದೆ. ಮೂರು ಸಾಲು ಇದೆ. ಅಲಾರಂ, ಅದಕ್ಕೆ ಸೌಂಡ್ ಇದೆ. ಇವೆಂಟ್ಸ್, ಅದು ಸೈಲೆಂಟ್. ಆಫರ್ಸ್, ಅದಕ್ಕೂ ಸೌಂಡ್ ಇದೆ. (ಆಫರ್‌ಗೆ ಸೌಂಡ್ ಕೊಟ್ಟು ನೀರಿಗೆ ಕೊಡದ ಪುಣ್ಯಾತ್ಮ ಯಾರೋ!)

ಆರ್‌ಟಿ ನಗರ ಡೆವಲಪರ್

ಸಿಕ್ಕಿತು. ಟೆಸ್ಟ್ ಬಟನ್ ಒಂದು ದಾರಿಯಲ್ಲಿ ಬರುತ್ತಿದೆ, ನೀರಿನ ಅಲರ್ಟ್ ಇನ್ನೊಂದು ದಾರಿಯಲ್ಲಿ. ಟೆಸ್ಟ್ ಬಹುಶಃ ಅಲಾರಂ ಚಾನೆಲ್‌ಗೆ, ಹೈ ಪ್ರಯಾರಿಟಿಯಲ್ಲಿ ಬರುತ್ತದೆ. 'ನೀರು ಏರುತ್ತಿದೆ' ಅನ್ನುವುದನ್ನು ಆಪ್‌ನವರು ಬರೀ ಮಾಹಿತಿ ಅಂತ ಲೆಕ್ಕ ಹಾಕಿ ಇವೆಂಟ್ಸ್‌ಗೆ ನಾರ್ಮಲ್ ಆಗಿ ಕಳಿಸುತ್ತಿರಬೇಕು. ಸೋರಿಕೆ, ಮೋಟರ್ ನೀರಿಲ್ಲದೆ ಓಡುತ್ತಿದೆ, ಅಂಥದ್ದು ಮಾತ್ರ ಅವರ ಪ್ರಕಾರ ಅಲಾರಂ. ಬೆಂಗಳೂರಿನಲ್ಲಿ ನೀರು ಬಂದಿದ್ದು ಎಷ್ಟು ದೊಡ್ಡ ಸುದ್ದಿ ಅಂತ ಆಪ್ ಬರೆದವರಿಗೆ ಗೊತ್ತಿಲ್ಲ.

ಹೀಗಾಗಿಯೇ ನಾನು ಟೆಸ್ಟ್ ಬಟನ್ ನಂಬುವುದಿಲ್ಲ. ಅದು ಟೆಸ್ಟ್ ಬಟನ್ ಕೆಲಸ ಮಾಡುತ್ತದೆ ಅಂತ ಮಾತ್ರ ತೋರಿಸುತ್ತದೆ. ನಿಜವಾದ ಘಟನೆಯನ್ನೇ ಮಾಡಿ ನೋಡಬೇಕು. ಸಂಪ್ ಮುಚ್ಚಳ ತೆಗೆದು ಫ್ಲೋಟನ್ನು ಕೈಯಲ್ಲಿ ಮೇಲೆತ್ತಿದರೆ ಸಾಕು, ಸೆನ್ಸರ್‌ಗೆ ನೀರು ಏರಿದ ಹಾಗೆಯೇ.

ಈಗ ಎರಡು ಕೆಲಸ. ಇವೆಂಟ್ಸ್ ಚಾನೆಲ್‌ಗೆ ಸೌಂಡ್ ಕೊಡಿ. ಅದಷ್ಟೇ ಸಾಲದು, ಸೌಂಡ್ ಇದ್ದರೂ ತಡವಾಗಿ ಬಂದರೆ ಬೆಳಗ್ಗೆ ಆರಕ್ಕೆ ಸದ್ದು ಮಾಡುತ್ತದೆ ಅಷ್ಟೇ. ಪ್ರಯಾರಿಟಿ ಫೋನಿನಿಂದ ಬದಲಾಯಿಸಲು ಆಗುವುದಿಲ್ಲ, ಕಳಿಸುವವರು ಹಾಕುವ ಗುರುತು ಅದು. ಆಪ್ ಒಳಗೆ ಯಾವ ಘಟನೆಗೆ ಯಾವ ತರಹದ ಅಲರ್ಟ್ ಅಂತ ಆರಿಸುವ ಪುಟ ಇದೆಯಾ ಹುಡುಕಿ. ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಬರೆಯಿರಿ. 'ನೋಟಿಫಿಕೇಶನ್ ಬರುತ್ತಿಲ್ಲ' ಅಂತ ಬರೆದರೆ ಫೋನ್ ರೀಸ್ಟಾರ್ಟ್ ಮಾಡಿ ಅಂತಾರೆ. 2:40 ಮತ್ತು 5:52, ಎರಡೂ ಸಮಯ ಬರೆದು, ಟೆಸ್ಟ್ ತಕ್ಷಣ ಬರುತ್ತಿದೆ ಅಂತಲೂ ಹೇಳಿ, ಈ ಅಲರ್ಟ್ ಹೈ ಪ್ರಯಾರಿಟಿಯಲ್ಲಿ ಹೋಗುತ್ತಿದೆಯಾ ಅಂತ ಕೇಳಿ.

ಸರ್ಜಾಪುರ ರಸ್ತೆ ಕಾರ್ಯದರ್ಶಿ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇದೇ ತರಹದ ಸೆನ್ಸರ್‌ಗಳಿವೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು, 110 ಹಳ್ಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಅಂತ. ನಮಗೂ ಪೈಪ್ ಬಂದಿದೆ, ಆದರೂ ಟ್ಯಾಂಕರ್ ಬಿಟ್ಟಿಲ್ಲ. ಹಾಗಾಗಿ ಯಾವ ನೀರು ಯಾವಾಗ ಬಂತು ಅಂತ ನೋಡಿಕೊಳ್ಳುವುದೇ ಒಂದು ಕೆಲಸ.

ನಮಗೆ ಬಂದ ತೊಂದರೆ ಫೋನಿನ ಕಡೆಯದಲ್ಲ, ಇನ್ನೊಂದು ತುದಿಯದು. ಕರೆಂಟ್ ಹೋದರೆ ರೌಟರ್ ಆಫ್. ಜನರೇಟರ್ ಶುರುವಾಗಿ ರೌಟರ್ ಎದ್ದು ಬಂದರೂ ಸೆನ್ಸರ್ ಮತ್ತೆ ವೈಫೈ ಹಿಡಿಯುತ್ತಿರಲಿಲ್ಲ. ಆಪ್ ತೆರೆದರೆ ಹಳೇ ಮಟ್ಟವನ್ನೇ ತೋರಿಸಿಕೊಂಡು ಕೂತಿರುತ್ತಿತ್ತು. ಅಲರ್ಟ್ ಬಂದಿಲ್ಲ, ಅಂದರೆ ನೀರು ಬಂದಿಲ್ಲ ಅಂತ ನಾವೂ ಸುಮ್ಮನಿರುತ್ತಿದ್ದೆವು. ಅಲರ್ಟ್ ಇಲ್ಲ ಅಂದರೆ ನೀರಿಲ್ಲ ಅಂತಲೋ, ಸೆನ್ಸರ್ ಸತ್ತಿದೆ ಅಂತಲೋ, ಹೇಗೆ ಗೊತ್ತಾಗಬೇಕು? ಈಗ 'ಡಿವೈಸ್ ಆಫ್‌ಲೈನ್' ಅಲರ್ಟ್ ಆನ್ ಮಾಡಿದ್ದೇವೆ. ಸೆನ್ಸರ್ ಸ್ವಲ್ಪ ಹೊತ್ತು ಸುದ್ದಿ ಕಳಿಸದಿದ್ದರೆ ಸರ್ವರೇ ನಮಗೆ ಹೇಳುತ್ತದೆ. ಅದರ ಮೇಲೆ ಬೆಳಗ್ಗೆ ಏಳಕ್ಕೆ ದಿನಾ ಒಂದು ಮೆಸೇಜ್ ಬರುವ ಹಾಗೆ ಇಟ್ಟಿದ್ದೇವೆ, ಸಂಪ್ ಇಷ್ಟು ಪರ್ಸೆಂಟ್ ಅಂತ. ಅದು ಬರದ ದಿನ ಸೆಕ್ಯುರಿಟಿಯವರು ಹೋಗಿ ಮುಚ್ಚಳ ತೆಗೆದು ನೋಡುತ್ತಾರೆ. ಫೈಬರ್ ಡಬ್ಬಿಗೂ ರೌಟರ್‌ಗೂ ಒಂದು ಚಿಕ್ಕ ಯುಪಿಎಸ್ ಹಾಕಿದ್ದೇವೆ. ಎರಡಕ್ಕೂ ಬೇಕು, ಒಂದಕ್ಕೆ ಹಾಕಿ ಪ್ರಯೋಜನ ಇಲ್ಲ.

ನಿಮ್ಮ ಸಂಪ್ ಮುಚ್ಚಳ ಕಬ್ಬಿಣದ್ದಾ? ಅದರ ಕೆಳಗೆ ಸೆನ್ಸರ್‌ನ ಆಂಟೆನಾ ಇದ್ದರೆ ಸಿಗ್ನಲ್ ಸಾಯುತ್ತದೆ. ವೈರ್ ಎಳೆದು ಡಬ್ಬಿಯನ್ನು ಗೋಡೆ ಮೇಲೆ ಕೂರಿಸಿ. ಇಂಥ ಸೆನ್ಸರ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೌಟರ್‌ನಲ್ಲಿ ಅದನ್ನು ಆಫ್ ಮಾಡಿ 5 ಮಾತ್ರ ಇಟ್ಟರೆ ಕೆಟ್ಟಿತು.

ಮಲ್ಲೇಶ್ವರದ ನಿವೃತ್ತ

ಕಾರ್ಯದರ್ಶಿಯವರು ಎರಡು ತುದಿ ಅಂದಾಗ ನೆನಪಾಯಿತು. ನೆಕ್ಸ್ಟ್‌ಡ್ರಾಪ್ ಅಂತ ಒಂದು ಸೇವೆ ಇತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೂ ಬಂತು. ವಾಲ್ವ್‌ಮ್ಯಾನ್ ನೀರು ಬಿಡುವಾಗ ತಿಳಿಸಬೇಕು, ಆ ಬೀದಿಯವರಿಗೆಲ್ಲ ಎಸ್ಸೆಮ್ಮೆಸ್ ಹೋಗಬೇಕು. ಸ್ಮಾರ್ಟ್‌ಫೋನ್ ಕೂಡ ಬೇಡ. ಸಂಶೋಧಕರು ಬೆಂಗಳೂರಿನಲ್ಲಿ ಅದರ ಮೇಲೆ ಅಧ್ಯಯನ ಮಾಡಿದರು. ವಾಲ್ವ್‌ಮ್ಯಾನ್ ಕಡೆಯಿಂದ ಸುದ್ದಿ ಸರಿಯಾಗಿ ಬರದಿದ್ದುದು ಒಂದು ತೊಡಕು. ಬಂದ ಮೆಸೇಜ್ ಮನೆಯಲ್ಲಿ ನೀರಿಗೆ ಕಾಯುವವರ ಕೈಗೆ ಸೇರದಿದ್ದುದು ಇನ್ನೊಂದು. ಫೋನ್ ಗಂಡಸರ ಜೇಬಿನಲ್ಲಿ ಆಫೀಸಿಗೆ ಹೋಗುತ್ತದೆ, ಕೊಡ ಹಿಡಿದು ನಿಂತವರು ಮನೆಯಲ್ಲಿರುತ್ತಾರೆ, ಅಲ್ವಾ? ಮಧ್ಯದ ಯಂತ್ರ ಎಷ್ಟೇ ಚೆನ್ನಾಗಿರಲಿ, ಎರಡು ತುದಿ ಸರಿಯಿಲ್ಲದಿದ್ದರೆ ಪ್ರಯೋಜನ ಇಲ್ಲ. ಬಟನ್ ಫೋನಿಗೆ ಕಾಲ್ ಬರುವ ಆ ಡಬ್ಬಿ ನನಗೂ ಹಿಡಿಸಿತು. ಗಂಟೆಯ ಮಾತು ವಾಪಸ್ ತಗೊಳ್ಳುವುದಿಲ್ಲ, ಆದರೆ ಹಿಂದಿನ ರೂಮಿಗೆ ವೈರ್ ಎಳೆಸಿ ಅಂತ ಸೇರಿಸುತ್ತೇನೆ.

ಬನಶಂಕರಿ ಸೊಸೆ

ಆಪ್ ಒಳಗೆ ಆ ಪುಟ ಇತ್ತು! ಡಿವೈಸ್ ಮೇಲೆ ಒತ್ತಿ, ಮೂರು ಚುಕ್ಕಿ, ರೂಲ್ಸ್. ಅಲ್ಲಿ 'ಲೆವೆಲ್ ಏರಿಕೆ' ಮುಂದೆ ಮಾಹಿತಿ ಅಂತ ಇತ್ತು, ಪಕ್ಕದಲ್ಲೇ ಎಚ್ಚರಿಕೆ ಅಂತ ಆಯ್ಕೆ. ಎಚ್ಚರಿಕೆಗೆ ಬದಲಾಯಿಸಿದೆ. ಮಧ್ಯಾಹ್ನ ಫೋನನ್ನು ಒಳಗೆ ಬಿಟ್ಟು ಹೋಗಿ ಫ್ಲೋಟ್ ಎತ್ತಿದೆ. ಸಂಪ್ ಹತ್ತಿರ ಬಗ್ಗಿ ನಿಂತಿದ್ದವಳಿಗೆ ಹಿಂದಿನ ರೂಮಿನ ಸದ್ದು ಕೇಳಿಸಿತು. ನಿನ್ನೆ ರಾತ್ರಿ ನೀರು 2:41ಕ್ಕೆ ಬಂತು, ಅಲರ್ಟ್ ಕೂಡ 2:41ಕ್ಕೇ. ಚಾರ್ಜ್ ಹಾಕಿರಲಿಲ್ಲ.

ಕಸ್ಟಮರ್ ಕೇರ್‌ನವರು ಉತ್ತರ ಕೊಟ್ಟಿದ್ದಾರೆ. ಮಾಹಿತಿ ಜಾತಿಯ ಅಲರ್ಟ್‌ಗಳನ್ನು ಬ್ಯಾಟರಿ ಉಳಿಸಲು ನಾರ್ಮಲ್ ಆಗಿ ಕಳಿಸುತ್ತಾರಂತೆ. ಅದನ್ನು ಎಲ್ಲೂ ಬರೆದಿಲ್ಲ ಅಂದರೆ, ನಿಮ್ಮ ಸಲಹೆಯನ್ನು ಗಮನಿಸಿದ್ದೇವೆ ಅಂದರು.

ಅತ್ತೆ ಫೋನಿನಲ್ಲಿ ಮಾತ್ರ ಇನ್ನೂ ಏನೂ ಬರುತ್ತಿಲ್ಲ, ಟೆಸ್ಟ್ ಕೂಡ ಇಲ್ಲ. ಅದೂ ಆಂಡ್ರಾಯ್ಡೇ.

ಜಯನಗರ ನಾಲ್ಕನೇ ಬ್ಲಾಕ್

ಟೆಸ್ಟ್ ಕೂಡ ಇಲ್ಲ ಅಂದರೆ ಅನುಮತಿಯೇ ಇಲ್ಲದಿರಬಹುದು. ಆಂಡ್ರಾಯ್ಡ್ 13ರಿಂದ ಆಪ್ ಮೊದಲ ಸಲ ತೆರೆದಾಗ ನೋಟಿಫಿಕೇಶನ್ ಕಳಿಸಲಾ ಅಂತ ಕೇಳುತ್ತದೆ. ಹಿರಿಯರು ಏನೇ ಕೇಳಿದರೂ ಬೇಡ ಅಂತ ಒತ್ತುತ್ತಾರೆ, ತಪ್ಪಲ್ಲ ಬಿಡಿ, ಈ ಕಾಲದಲ್ಲಿ ಅದೇ ಒಳ್ಳೆಯದು. ಆಪ್ ಇನ್ಫೋದಲ್ಲಿ ನೋಟಿಫಿಕೇಶನ್ ಆನ್ ಮಾಡಿ.

ಅವರು ಆಪನ್ನು ತೆರೆಯುವುದೇ ಇಲ್ಲ ಅಂದರೆ ಇನ್ನೊಂದು ಅಪಾಯ. ತಿಂಗಳುಗಟ್ಟಲೆ ಬಳಸದ ಆಪ್‌ನಿಂದ ಆಂಡ್ರಾಯ್ಡ್ ಅನುಮತಿಗಳನ್ನು ವಾಪಸ್ ತಗೊಳ್ಳುತ್ತದೆ. ಅದೇ ಪುಟದ ಕೆಳಗೆ, ಬಳಸದಿದ್ದರೆ ವಿರಾಮ ಕೊಡು ಅನ್ನುವ ಅರ್ಥದ ಸ್ವಿಚ್ ಇರುತ್ತದೆ, ಆಫ್ ಮಾಡಿ. ಸ್ಯಾಮ್‌ಸಂಗ್ ಫೋನ್ ಆದರೆ ಬ್ಯಾಟರಿ ಒಳಗೆ ಡೀಪ್ ಸ್ಲೀಪಿಂಗ್ ಆಪ್ಸ್ ಪಟ್ಟಿ ನೋಡಿ, ಅಲ್ಲಿದ್ದರೆ ತೆಗೆದು ನೆವರ್ ಸ್ಲೀಪಿಂಗ್‌ಗೆ ಹಾಕಿ. ಶಿಯೋಮಿ ಆದರೆ ಆಟೋಸ್ಟಾರ್ಟ್. ಬೇರೆ ಬೇರೆ ಕಂಪನಿಗಳ ಫೋನಿನಲ್ಲಿ ಎಲ್ಲೆಲ್ಲಿ ಏನಿದೆ ಅಂತ ಡೋಂಟ್ ಕಿಲ್ ಮೈ ಆಪ್ ಅನ್ನುವ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ.

ಆರ್‌ಟಿ ನಗರ ಡೆವಲಪರ್

ಇದರ ಜೊತೆ ಒಂದು. ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ಸ್ಟಾಪ್ ಒತ್ತಿದ ಆಪ್‌ಗೆ, ಯಾರಾದರೂ ಕೈಯಾರೆ ತೆರೆಯುವವರೆಗೆ ಹೈ ಪ್ರಯಾರಿಟಿ ಅಲರ್ಟೂ ಬರುವುದಿಲ್ಲ. ಫೋನ್ ಕ್ಲೀನ್ ಮಾಡುತ್ತೇವೆ ಅನ್ನುವ ಆಪ್‌ಗಳು ಕೆಲವು ಸಲ ಇದೇ ಕೆಲಸ ಮಾಡುತ್ತವೆ. ಅತ್ತೆಯವರ ಫೋನಿನಲ್ಲಿ ಅಂಥದ್ದಿದ್ದರೆ ತೆಗೆದುಹಾಕಿ.

ಬನಶಂಕರಿ ಸೊಸೆ

ಎರಡು ಕ್ಲೀನರ್ ಇತ್ತು, ತೆಗೆದೆ. ಅನುಮತಿ ಕೂಡ ಆಫ್ ಇತ್ತು. ಈಗ ಟೆಸ್ಟ್ ಬಂತು, ಫ್ಲೋಟ್ ಎತ್ತಿದಾಗಲೂ ಬಂತು.

ಕೊನೆಯ ಪ್ರಶ್ನೆ. ಈ ಅಲಾರಂ ಟೋನ್ ಕೇಳಿ ಕೆಳಗಿನ ಮನೆಯ ಮಗು ಎದ್ದುಬಿಡುತ್ತಿದೆ. ನೀರಿನ ಅಲರ್ಟ್‌ಗೆ ಮಾತ್ರ ಬೇರೆ ಟೋನ್ ಇಡಬಹುದಾ? ಸೋರಿಕೆ ಅಲರ್ಟ್ ಹೀಗೇ ಇರಲಿ.

ಆರ್‌ಟಿ ನಗರ ಡೆವಲಪರ್

ಈಗ ಎರಡೂ ಅಲಾರಂ ಚಾನೆಲ್‌ನಲ್ಲೇ ಬರುತ್ತಿವೆ, ಹಾಗಾಗಿ ಟೋನ್ ಬದಲಿಸಿದರೆ ಎರಡಕ್ಕೂ ಬದಲಾಗುತ್ತದೆ. ಬೇರೆ ಮಾಡಬೇಕೆಂದರೆ ಆಪ್‌ನವರೇ ಇನ್ನೊಂದು ಚಾನೆಲ್ ಕೊಡಬೇಕು, ಅದನ್ನೂ ಅವರಿಗೆ ಬರೆದು ಕೇಳಿ. ಸದ್ಯಕ್ಕೆ ಅಲರ್ಟ್ ಬಂದಾಗ ಅದನ್ನು ಒತ್ತಿ ಹಿಡಿದು ಗೇರ್ ಚಿಹ್ನೆ ಒತ್ತಿ, ಸೌಂಡ್‌ನಲ್ಲಿ ಮೆತ್ತಗಿನದು ಆರಿಸಿ, ವೈಬ್ರೇಷನ್ ಆನ್ ಇಡಿ. ಫೋನನ್ನು ಟೇಬಲ್ ಬದಲು ದಿಂಬಿನ ಪಕ್ಕ ಇಟ್ಟುಕೊಳ್ಳಿ. ನೀವು ಒಮ್ಮೆ ಆರಿಸಿದ ಟೋನನ್ನು ಆಪ್ ಅಪ್‌ಡೇಟ್ ಕೂಡ ಬದಲಿಸಲು ಆಗುವುದಿಲ್ಲ. ಆಪ್ ತೆಗೆದು ಮತ್ತೆ ಹಾಕಿದರೆ ಮಾತ್ರ ಎಲ್ಲ ಮೊದಲಿನಂತಾಗುತ್ತದೆ, ಆಗ ಚಾನೆಲ್‌ಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.